ಬೆರಳ ತುದಿಯ ವಿಮಾನ

ಅಮೃತಹಳ್ಳಿಯಲ್ಲಿ ಸದ್ದುಗಳು ಒಂದೊಂದಾಗಿ ಬರುತ್ತಿದ್ದ ದಿನಗಳವು. ನಮ್ಮ ಅಂಗನವಾಡಿ ಇದ್ದದ್ದು ಭಜನೆ ಮನೆಯ ಜಗಲಿಯ ಮೇಲೆ. ಸುಣ್ಣದ ಗೋಡೆ, ಉಪ್ಪಿಟ್ಟಿನ ಒಗ್ಗರಣೆಯ ಘಾಟು, ಕಾಲಿಗೆ ಚುಚ್ಚುವ ಈಚಲು ಚಾಪೆ, ಇಷ್ಟು ಖಂಡಿತ. ಮಿಕ್ಕಿದ್ದರಲ್ಲಿ ನಾನೇ ಕಂಡದ್ದೆಷ್ಟು, ಅಮ್ಮ ಹೇಳಿ ಹೇಳಿ ನನ್ನದಾದದ್ದೆಷ್ಟು, ಈಗ ಬಿಡಿಸಲಾರೆ.

ಸರೋಜ ಮಿಸ್ ನಮ್ಮನ್ನು ದುಂಡಗೆ ಕೂರಿಸಿ ಕಥೆ ಶುರು ಮಾಡುತ್ತಿದ್ದರು. ಅದು ಮುಗಿದದ್ದೇ ಇಲ್ಲ. ನಡುವೆ ಜಕ್ಕೂರಿನ ಏರೋಡ್ರೋಮಿನ ಕಡೆಯಿಂದ ಪುಟ್ಟ ವಿಮಾನವೊಂದು ಗುರ್ರೆಂದು ಏಳುತ್ತಿತ್ತು. "ಏರೋಪ್ಲೇನ್!" ಎಂದು ಕೂಗುತ್ತಾ ನಾವೆಲ್ಲ ಬೀದಿಗೆ. ಜಗಲಿಗೆ ಬಾಗಿಲಿಲ್ಲ, ಎದುರಿಗೇ ರಸ್ತೆ.

ಒಂದು ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಮುನಿರಾಜು ಆಕಾಶ ನೋಡುತ್ತಲೇ ಓಡಿ ಮರಳಿನ ಲಾರಿಯ ಮುಂದೆ ನಿಂತ. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಉಳಿದ. ಮಧ್ಯಾಹ್ನ ಅವನ ತಾಯಿ ರತ್ನ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಮಿಸ್ಸೇ, ನಾಳೆಯಿಂದ ನಮ್ ಮನೆ ಮಕ್ಕಳ್ನ ಕಳ್ಸಲ್ಲ. ಉಪ್ಪಿಟ್ಟು ಮನೇಲೇ ತಿನ್ಕೋತವೆ."

"ಶನಿವಾರದ ತನಕ ಟೈಮ್ ಕೊಡಿ, ರತ್ನಮ್ಮ."

"ಯಾಕೆ, ಶನಿವಾರ ಏರೋಪ್ಲೇನಿಗೆ ರಜಾನಾ?"

"ಅದು ಹಾರ್ಲಿ ಬಿಡಮ್ಮ. ಇವ್ರು ಕೂತ್ಕೋತಾರೆ. ನೀವೇ ಬಂದು ನೋಡಿ."

ಮಿಸ್ ನಮ್ಮನ್ನು ಗದರಿದರು. ಬೆಲ್ಲ ಕೊಟ್ಟರು; ಬೆಲ್ಲ ಚೀಪುತ್ತಲೇ ಓಡಿದೆವು. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದರು, ಕೆಳಗೆ ನುಸುಳಿದೆವು. ಮರುದಿನ ಹಗ್ಗ ಬಿಚ್ಚಿ ನಮ್ಮ ನಡುವೆಯೇ ಕೂತರು. ಸದ್ದು ಬಂದೊಡನೆ ತಾವೇ ಕಥೆ ನಿಲ್ಲಿಸಿ ಪಿಸುಗುಟ್ಟಿದರು:

"ಕಣ್ ಮುಚ್ಚಿ. ಎಲ್ಲೈತೆ ಏರೋಪ್ಲೇನು? ಬೆರಳಲ್ಲಿ ತೋರ್ಸಿ. ಕಣ್ ಬಿಟ್ಟೋರಿಗೆ ಸಿಗಲ್ಲ."

ಕತ್ತಲಲ್ಲಿ ಸದ್ದು ದೊಡ್ಡದಾಯಿತು. ತಲೆಯ ಮೇಲೆ ಬಂದಾಗ ಎದೆಯೊಳಗೂ ಗುರ್ರೆಂದಿತು. ಬೆರಳು ಅದರ ಹಿಂದೆಯೇ ಹೋಯಿತು. ಸದ್ದು ಪೂರ್ತಿ ಅಡಗಿದ ಮೇಲೆ ಕೈ ಮಡಿಲಿಗೆ; ಕಥೆ ಬಿಟ್ಟಲ್ಲಿಂದ ಮುಂದಕ್ಕೆ. ಮುನಿರಾಜು ಮಾತ್ರ ಎದ್ದೋಡುತ್ತಿದ್ದ. ಮಿಸ್ ಪ್ರತಿಸಲವೂ ಎತ್ತಿ ತಂದು ಕೂರಿಸಿ, "ಕಣ್ ಮುಚ್ಚು ಮಗಾ" ಎನ್ನುತ್ತಿದ್ದರು.

ಶನಿವಾರ ಚಿಕ್ಕಮ್ಮ ಕಂಬಕ್ಕೆ ಒರಗಿ ನಿಂತಳು. ಪಕ್ಕದಲ್ಲಿ ಅಮ್ಮ, ಹಸಿರು ಸೀರೆಯಲ್ಲಿ. (ಆ ದಿನ ತಾನು ಬಂದೇ ಇರಲಿಲ್ಲ ಎನ್ನುತ್ತಾಳೆ ಅಮ್ಮ.) ವಿಮಾನ ಬಂತು. ನನ್ನ ಕಣ್ಣು ಮುಚ್ಚಿತ್ತು, ಆದರೆ ಮುನಿರಾಜುವಿನ ಮೊಣಕೈ ನನಗೆ ತಾಗಿ ಮೇಲೆದ್ದದ್ದು ತಿಳಿಯಿತು. ಎದ್ದ, ಇನ್ನೇನು ಓಡಿದ ಅಂದುಕೊಂಡೆ. ಚಾಪೆ ಕರಕರ ಎಂದಿತು. ಕೂತೇ ಇದ್ದ; ಎದ್ದದ್ದು ಕೈ ಮಾತ್ರ.

ಕಥೆ ಮುಗಿಯಿತು. ಯಾವ ಕಥೆಯೋ ನೆನಪಿಲ್ಲ. ಮತ್ತೊಂದು ವಿಮಾನ ದೂರ ಹೋದ ಮೇಲೆ ಕಣ್ಣು ಬಿಟ್ಟರೆ, ಕಂಬದ ಬಳಿ ಚಿಕ್ಕಮ್ಮ ಕಣ್ಣು ಮುಚ್ಚಿ ನಿಂತಿದ್ದಳು, ಅವಳ ಬೆರಳು ಇನ್ನೂ ಮೇಲೇ ಇತ್ತು. ಸೋಮವಾರ ಮುನಿರಾಜುವನ್ನು ಅವಳೇ ತಂದು ಬಿಟ್ಟಳು.

ಮೊನ್ನೆ ವಿದ್ಯಾರಣ್ಯಪುರದಲ್ಲಿ, ಮಗಳ ಪ್ರೀಸ್ಕೂಲಿನಲ್ಲಿ, ಪೋಷಕರು ಕಥೆ ಹೇಳುವ ಸರದಿ ಅಂದು ನನ್ನದಾಗಿತ್ತು. ಸ್ವಲ್ಪ ಹೊತ್ತಿಗೇ ಮಕ್ಕಳು ಚದುರಿದರು. "ಕಣ್ ಮುಚ್ಚಿ, ಸದ್ದು ಎಲ್ಲಿದೆ ಬೆರಳಲ್ಲಿ ತೋರ್ಸಿ" ಎಂದೆ. ಹಾರ್ನು, ಪಕ್ಕದ ಕಟ್ಟಡದ ಡ್ರಿಲ್ಲು, ಯಾರದೋ ಮಿಕ್ಸಿ, ತಲೆಯ ಮೇಲೆ ಏಸಿ. ಒಂದೊಂದು ಬೆರಳು ಒಂದೊಂದು ದಿಕ್ಕಿಗೆ. ಎಲ್ಲರೂ ಒಟ್ಟಿಗೆ ಹಿಂಬಾಲಿಸುವಂಥ ಒಂದೇ ಸದ್ದನ್ನು ಈಗ ಎಲ್ಲಿಂದ ತರಲಿ?

ಮಗಳು ಒಂದು ಕಣ್ಣು ತೆರೆದಳು. "ಅಮ್ಮಾ, ಯಾವ್ದು ಕರೆಕ್ಟು?"

ಎದ್ದು, ಸ್ವಲ್ಪ ತೆರೆದಿದ್ದ ಕಿಟಕಿ ಮುಚ್ಚಿದೆ. ಏಸಿ ಆರಿಸಿದೆ. ಮಕ್ಕಳ ನಡುವೆ ಬಂದು ಕೂತೆ.

"ಇನ್ನೊಂದ್ಸಲ" ಎಂದೆ, ಪಿಸುದನಿಯಲ್ಲಿ.