ಕಸ್ತೂರಮ್ಮನ ಗುಳಿಗೆ, ಮೇಷ್ಟ್ರ ಭಾಷಣ

ಚನ್ನಗಿರಿಯ ಕಸ್ತೂರಮ್ಮ ಮದುವೆಯಾದಾಗಿನಿಂದ ಹಬ್ಬ ಬಂದರೆ, ಪೂಜೆ ಬಂದರೆ ಗುಳಿಗೆ ನುಂಗಿದವಳು. ಮುಟ್ಟು ಮುಂದೂಡುವ ಗುಳಿಗೆ. ಅವರದು ಸೂತಕವೇ ಇಲ್ಲವೆಂದು ಎದೆ ತಟ್ಟಿಕೊಳ್ಳುವ ಲಿಂಗವಂತರ ಮನೆ. ಸೂತಕ ಇಲ್ಲ, ಸರಿ. ಆದರೆ ಮುಟ್ಟಾದ ಸೊಸೆ ಪೂಜೆಗೆ ಬಂದರೆ ಅತ್ತೆ ಕೊಟ್ರಮ್ಮ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಗುಳಿಗೆ ನುಂಗಿದಾಗೆಲ್ಲ ಕಸ್ತೂರಮ್ಮನಿಗೆ ವಾಂತಿ, ತಲೆಸಿಡಿತ. ಕೇಳುವವರು ಯಾರು? ಅಂಗಡಿಯಿಂದ ಗುಳಿಗೆ ತರುತ್ತಿದ್ದವರೇ ಗಂಡ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಶಿವಮೂರ್ತಪ್ಪ ಮೇಷ್ಟ್ರು.

೧೯೮೭ರಲ್ಲಿ ಈ ಮಹಾಶಯರಿಗೆ ಹೊಸ ಗೀಳು ಹತ್ತಿತು. ದಾವಣಗೆರೆಯಲ್ಲಿ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಹಾರ್ಮೋನಿನ ಲೇಖನ ಓದಿ ಬಂದವರೇ, ನ್ಯಾಮತಿಯಿಂದ ಜಗಳೂರಿನವರೆಗೆ ಕರೆದಲ್ಲೆಲ್ಲ ಭಾಷಣ. ಕರೆಯದಲ್ಲಿಗೂ ಹೋಗುತ್ತಿದ್ದರೆನ್ನಿ. ಹೊನ್ನಾಳಿಯ ಹೆಂಗಸರ ಸಂಘದವರು ಕರೆದಾಗ ಹೆಂಡತಿಯನ್ನೂ ಜೊತೆಗೆ ಕರೆದೊಯ್ದರು. ವಾರದಲ್ಲೇ ಅವರ ಹೊಸ ಮನೆಯ ಗೃಹಪ್ರವೇಶ. ಅದಕ್ಕೆಂದು ಅಂದು ಬೆಳಗ್ಗೆಯೇ ಗುಳಿಗೆಯ ಪಟ್ಟಿಯನ್ನು ಅವಳ ಕೈಗಿಟ್ಟಿದ್ದರು.

"ತಾಯಂದಿರೇ, ಈಸ್ಟ್ರೋಜನ್ ಅನ್ನೋದು ಹೆಣ್ಣಿನ ಹಾರ್ಮೋನು. ಕೆಲಸ ಮುಗಿದ ಮೇಲೆ ಮೈಯೊಳಗೇ ಒಡೀತೈತೆ. ಅದರ ಕೆಲವು ಚೂರು ಆಮ್ಲಜನಕಕ್ಕೆ ಸಿಕ್ಕಿ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗತಾವಲ್ಲ, ಹಂಗೆ ಕೆಡತಾವೆ. ಆಗ ಹುಟ್ಟೋದೇ ಫ್ರೀ ರಾಡಿಕಲ್! ಅದರಾಗೆ ಜೋಡಿ ಕಳಕೊಂಡ ಎಲೆಕ್ಟ್ರಾನ್ ಇರತೈತೆ. ಸಿಕ್ಕಿದ್ದಕ್ಕೆಲ್ಲ ಕೈ ಹಾಕತೈತೆ, ವಂಶವಾಹೀನೂ ಬಿಡಂಗಿಲ್ಲ. ಹಾರ್ಮೋನ್ ಗುಳಿಗೇನ ಪೆಪ್ಪರಮೆಂಟಿನಂಗೆ ನುಂಗಬ್ಯಾಡ್ರಿ!"

ಚಪ್ಪಾಳೆಯೋ ಚಪ್ಪಾಳೆ. ಕಸ್ತೂರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಬ್ಬಬ್ಬಾ, ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಊರ ಹೆಂಗಸರಿಗೆ ಬೇಡವಾದ ವಿಷ ಕಟ್ಟಿಕೊಂಡವಳಿಗೆ ಮಾತ್ರ ಆದೀತೇ? ಹೆದರಿಕೆಯೂ ಆಯಿತು. ಇಷ್ಟು ವರ್ಷ ನುಂಗಿದ್ದು ಒಳಗೆ ಏನೇನು ಮಾಡಿದೆಯೋ. ಎದ್ದು ನಿಂತಳು.

"ರೀ, ಬೆಳಗ್ಗೆ ಕೊಟ್ರಲ್ಲ ಗುಳಿಗೆ, ಅದರಾಗೂ ಇದೇ ಈಸ್ಟ್ರೋಜನ್ ಐತಾ?"

ಮೇಷ್ಟ್ರು ನೀರು ಕುಡಿದರು. "ಐತೆ... ಮನೆಗೋಗಿ ಮಾತಾಡಾನ."

"ಮನೇಲಿ ನಿಮ್ಮವ್ವ ಇರ್ತಾರೆ. ಇಲ್ಲಿ ಮೈಕ್ ಐತೆ. ನುಂಗ್ಲೋ ಬ್ಯಾಡ್ವೋ, ಹೇಳ್ರಿ."

ಮೇಷ್ಟ್ರು ಮೇಜು ನೋಡಿದರು, ಫ್ಯಾನು ನೋಡಿದರು. ಕೊನೆಗೆ "ಬ್ಯಾಡ" ಎಂದರು.

"ಹಿಂದಿನೋರಿಗೆ ಕೇಳ್ಲಿಲ್ರೀ ಸಾರ್!" ಎಂದು ಗುಲ್ಜಾರ್‌ಬೀ ಎಂಬಾಕೆ ಕೂಗಿದಳು.

"ಬ್ಯಾಡ!" ಎಂದು ಮೇಷ್ಟ್ರು ಕಿರುಚಿದರು.

ವಾಪಸು ಬರುವಾಗ ಕಸ್ತೂರಮ್ಮ ಬಸ್ಸಿನ ಕಿಟಕಿಯಿಂದ ಗುಳಿಗೆಯ ಪಟ್ಟಿಯನ್ನು ಆಚೆ ಎಸೆದಳು. ಚನ್ನಗಿರಿ ಹತ್ತಿರವಾದಂತೆ ಮೇಷ್ಟ್ರ ಮುಖ ಸಣ್ಣದಾಯಿತು.

"ಅವ್ವಗೆ ಏನಂತ ಹೇಳಾನ?"

"ಊರೂರಿಗೆ ಭಾಷಣ ಮಾಡ್ತೀರಲ್ಲ," ಎಂದಳು ಕಸ್ತೂರಮ್ಮ, "ಅವರೊಬ್ಬರಿಗೂ ಮಾಡ್ರಿ."