ಮಟಮಟ ಮಧ್ಯಾಹ್ನದ ಗೂಡ್ಸ್

ಮನೆಯಲ್ಲಿ ಪವರ್‌ಲೂಮ್ ಓಡಿಸುವವರು ಯಾರಾದರೂ ಇದ್ದರೆ, ಅವರ ಬೆನ್ನ ಹಿಂದೆ ನಿಂತು ಮೆತ್ತಗೆ ಒಮ್ಮೆ ಕರೆದು ನೋಡಿ. ಆಗಾಗ ಕರೆಯುತ್ತಿರಿ. ಅವರು ತಿರುಗದ ದಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಹಬ್ಬ ಕಳೆಯಲಿ ಎಂದು ಮುಂದೆ ಹಾಕಬೇಡಿ. ಎದುರಿಗೆ ಕೂತು ಮಾತಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮಗ್ಗದ ಸದ್ದಿನಲ್ಲಿ ದುಡಿಯುವವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ನಮ್ಮಣ್ಣ ಹಾಗೆ ಎಷ್ಟು ವರ್ಷ ನಮ್ಮನ್ನು ನಂಬಿಸಿದ್ದನೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಬಟ್ಟೆಯ ಥಾನು ಬಿಚ್ಚುವ ಮೊದಲೇ ಅದರ ಹುಳುಕು ಹೇಳುವವನು ಎಂದು ಹೆಸರು ಮಾಡಿದವನು ನಾನು. ಅಣ್ಣನ ಕಿವಿ ಹೋದದ್ದು ಮಾತ್ರ ನನಗೆ ಕಾಣಲಿಲ್ಲ.

ನಾವು ಸೋಮನೂರು ಕಡೆಯವರು. ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ, ರೈಲು ಹಳಿಯ ಎರಡು ಬದಿಗೂ ಹರಡಿಕೊಂಡ ಮಗ್ಗದ ಊರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಬೆಂಗಳೂರಿನ ಚಿಕ್ಕಪೇಟೆಗೆ ಬಟ್ಟೆ ಹಾಕಲು ಶುರುಮಾಡಿದ ಮೇಲೆ. ಕೊಳ್ಳುವವನ ಭಾಷೆ ಓದಲು ಬಂದರೆ, ಅವನು ಪಕ್ಕದವನಿಗೆ ಚೀಟಿಯಲ್ಲಿ ಬರೆದು ತೋರಿಸುವ ಬೆಲೆಯನ್ನೂ ಓದಬಹುದು. ಅಣ್ಣ ನೇಯುತ್ತಿದ್ದ, ನಾನು ಮಾರುತ್ತಿದ್ದೆ. ನಮ್ಮ ಮನೆ ಹಳಿಯ ಈಚೆ, ಅಣ್ಣನ ಮಗ್ಗದ ಶೆಡ್ಡು ಹಳಿಯ ಆಚೆ. ನಡುವೆ ಗೇಟಿಲ್ಲದ ಒಂದು ಕಾಲುದಾರಿ. ದಿನಕ್ಕೆ ನಾಲ್ಕು ಸಲ ಅಣ್ಣ ಅದನ್ನು ದಾಟುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಹಳಿಯ ಮೇಲೆ ಇನ್ನೂ ಕಲ್ಲಿದ್ದಲ ಎಂಜಿನ್‌ಗಳು ಓಡುತ್ತಿದ್ದವು. ಊರವರು ಕರಿವಂಡಿ ಎನ್ನುತ್ತಿದ್ದರು. ಅಣ್ಣನಿಗೆ ಅವುಗಳ ಹುಚ್ಚು. ಸಂಜೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಅವನೂ ಅಂಗಡಿಯವನೂ ಎಂಜಿನ್‌ಗಳ ಬಗ್ಗೆ ಜಗಳ ಕಾಯುತ್ತಿದ್ದರು, ಬೇರೆಯವರು ಸಿನಿಮಾ ನಟಿಯರ ಬಗ್ಗೆ ಕಾಯುವ ಹಾಗೆ. ಅಂಗಡಿಯವನು ಪೊಳ್ಳಾಚಿಯವನು. ಅವನ ಊರಿನ ಮೀಟರ್‌ಗೇಜ್ ಹಳಿಯಲ್ಲಿ ಓಡುವ ವೈಪಿ ಎಂಜಿನ್‌ಗೆ ಸಮ ಯಾವುದೂ ಇಲ್ಲ ಎಂಬುದು ಅವನ ವಾದ. ಸಣ್ಣ ಮೈ, ತೆಳು ಚಕ್ರ, ತೆಂಗಿನ ತೋಟದೊಳಗೆ ನುಸುಳಿಕೊಂಡು ಹೋಗುವ ಚೆಂದ. ಅಣ್ಣನದು ಡಬ್ಲ್ಯೂಪಿ. ಎಕ್ಸ್‌ಪ್ರೆಸ್ ಎಳೆಯುವ ದೊಡ್ಡ ಎಂಜಿನ್ ಅದು. ಮುಂದೆ ಗುಂಡು ಮೂತಿ, ಮೂತಿಯ ಮೇಲೆ ನಕ್ಷತ್ರದ ಹಾಗೆ ತೀಡಿದ ಬಣ್ಣ.

"ನಿನ್ನ ವೈಪಿ ಸೈಕಲ್ಲು," ಎನ್ನುತ್ತಿದ್ದ ಅಣ್ಣ. "ಇವಳು ಮದುವಣಗಿತ್ತಿ. ಬಂದ್ರೆ ಊರೇ ಎದ್ದು ನಿಲ್ಬೇಕು."

ನನ್ನನ್ನು ಕೇಳಿದರೆ ಬೆಂಗಳೂರಿನ ಗಿರಾಕಿಯನ್ನು ಕರೆತರುವ ಎಂಜಿನ್ ಯಾವುದೋ ಅದೇ ಚೆಂದ ಎನ್ನುತ್ತಿದ್ದೆ.

"ನಿಮ್ಮ ತಮ್ಮನಿಗೆ ಎಂಜಿನ್ ಕೂಡ ಕಮಿಷನ್ ಕೊಡಬೇಕುಂಗಣ್ಣಾ," ಎಂದು ಟೀ ಅಂಗಡಿಯವನು ನಗುತ್ತಿದ್ದ.

ಒಂದು ವರ್ಷ ಅಣ್ಣ ಪಕ್ಷ ಬದಲಿಸಿದ. ಡಬ್ಲ್ಯೂಪಿಯನ್ನು ಬಿಟ್ಟು ಡಬ್ಲ್ಯೂಜಿ ಎನ್ನತೊಡಗಿದ. ಅದು ಗೂಡ್ಸ್ ಎಳೆಯುವ ಎಂಜಿನ್. ಚಪ್ಪಟೆ ಮೂತಿ, ಎಣ್ಣೆ ಮಸಿ ಮೆತ್ತಿದ ಮೈ, ನೋಡಲು ಯಾವ ಶೃಂಗಾರವೂ ಇಲ್ಲ. ತಿರುಪ್ಪೂರಿನಿಂದ ನಮ್ಮ ಕಡೆಗೆ ನೆಲ ಏರುತ್ತಾ ಬರುತ್ತದೆ. ಭಾರದ ಗೂಡ್ಸನ್ನು ಆ ಏರಿನಲ್ಲಿ ಅದು ಉಸಿರು ಕಟ್ಟಿ ಎಳೆಯುತ್ತಿತ್ತು. ಟೀ ಅಂಗಡಿಯವನು ಬಹಳ ದಿನ ಗೇಲಿ ಮಾಡಿದ. ಮದುವಣಗಿತ್ತಿ ಮುದುಕಿಯಾದಳಾ ಎಂದ. ಅಣ್ಣ ಸಿಟ್ಟಾಗಲಿಲ್ಲ.

"ಅವಳು ಬಂದದ್ದೂ ತಿಳಿಯಲ್ಲ, ಹೋದದ್ದೂ ತಿಳಿಯಲ್ಲ. ಇವಳಾದ್ರೆ ಬರೋಕ್ ಮುಂಚೆ ಅಂಗಾಲಿಗೆ ಹೇಳಿ ಕಳಿಸ್ತಾಳೆ," ಎಂದ.

ರುಚಿ ಬದಲಾಗಿದೆ ಅಂದುಕೊಂಡೆ. ಕಿವಿ ಮುಚ್ಚುತ್ತಾ ಬಂದವನಿಗೆ ನೆಲದ ಮೂಲಕ, ಎದೆಗೂಡಿನ ಮೂಲಕ ತಲುಪುತ್ತಿದ್ದ ಎಂಜಿನ್ ಅದೊಂದೇ ಆಗಿತ್ತು ಎಂದು ಹೊಳೆದದ್ದು ಆಮೇಲೆ. ಡಬ್ಲ್ಯೂಪಿಯ ಕೂಗು ಅವನಿಗೆ ಆಗಲೇ ಕೇಳಿಸುತ್ತಿರಲಿಲ್ಲ.

ನಂತರ ಡೀಸೆಲ್ ಬಂತು. ಮೊದಲು ಎಕ್ಸ್‌ಪ್ರೆಸ್‌ಗೆ, ಆಮೇಲೆ ಪ್ಯಾಸೆಂಜರಿಗೆ, ಕಡೆಗೆ ಗೂಡ್ಸಿಗೂ. ಹಳಿಯ ಮೇಲಿನ ಹೊಗೆ ನಿಂತುಹೋಯಿತು. ಉಳಿದವರಿಗೆ ಒಗೆದು ಹಾಕಿದ ಬಟ್ಟೆಗೆ ಮಸಿ ಬೀಳುವುದು ತಪ್ಪಿತು. ನನಗೆ ನಿದ್ದೆ ಹೋಯಿತು. ಏಕೆಂದರೆ ಆ ಹೊತ್ತಿಗೆ ಅಣ್ಣ ಕಿವುಡ ಎಂಬುದು ಮನೆಗೆಲ್ಲ ಗೊತ್ತಾಗಿತ್ತು. ಕರಿವಂಡಿಯಾದರೆ ದೂರದ ಹೊಗೆ ಕಣ್ಣಿಗೆ ಬೀಳುತ್ತಿತ್ತು, ನೆಲ ನಡುಗುತ್ತಿತ್ತು. ಡೀಸೆಲ್ ಕಾಲುದಾರಿಯ ಪಕ್ಕದ ತಿರುವಿನಲ್ಲಿ ಜಾಲಿ ಪೊದೆಗಳ ಹಿಂದಿನಿಂದ ಇದ್ದಕ್ಕಿದ್ದಂತೆ ಹೊರಬೀಳುತ್ತದೆ. ಕಿವಿ ಇದ್ದ ನಾವೇ ಹಿಂದೆ ಹಾರುತ್ತಿದ್ದೆವು. ಮಗ್ಗಗಳನ್ನು ಹಳಿಯ ಈಚೆಗೆ, ನನ್ನ ಗೋಡೌನಿನ ಹಿಂದಿನ ಜಾಗಕ್ಕೆ ತರಿಸಬೇಕು. ಇಲ್ಲವಾದರೆ ಒಂದು ದಿನ ಅಣ್ಣನನ್ನು ಗೋಣಿಯಲ್ಲಿ ಕಟ್ಟಿ ತರಬೇಕಾಗುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಅವನು ಒಪ್ಪಲಿಲ್ಲ. ಮನೆಯವರ ಜೊತೆ ಚೌಕಾಸಿ ಮಾಡುವುದು ವ್ಯಾಪಾರಿಗಳ ಜೊತೆ ಮಾಡಿದಂತಲ್ಲ. ಅವರಿಗೆ ನಿಮ್ಮ ಕಡೆಯ ಬೆಲೆ ಮೊದಲೇ ಗೊತ್ತಿರುತ್ತದೆ. ಹೊಸ ಶೆಡ್ಡು ನನ್ನ ಖರ್ಚಿನಲ್ಲಿ ಎಂದೆ. ಬೇಡ ಎಂದ. ಕುನ್ನತ್ತೂರಿನಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಮಗ್ಗಗಳಿವೆ, ಎರಡು ಕೊಡಿಸುತ್ತೇನೆ ಎಂದೆ. ಅದಕ್ಕೂ ಬೇಡ. ಕಡೆಗೆ ಅವನ ಹುಚ್ಚನ್ನೇ ತಕ್ಕಡಿಗೆ ಹಾಕಿದೆ. ಮೇಟ್ಟುಪ್ಪಾಳಯಂನಿಂದ ಊಟಿಗೆ ಹತ್ತುವ ಬೆಟ್ಟದ ರೈಲಿಗೆ ಇನ್ನೂ ಕರಿ ಎಂಜಿನ್ನೇ ಇತ್ತು. ಎಕ್ಸ್ ಎನ್ನುವ ಜಾತಿ. ಮಗ್ಗ ಈಚೆಗೆ ತಂದರೆ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಮುಂಗಡವಾಗಿ ಒಂದು ಸಲ ಕರೆದೊಯ್ದೆ. ಸಿರುಮುಗೈಯಲ್ಲಿ ಅತ್ತಿಗೆಯ ತವರಿನವರ ಮನೆಯಲ್ಲಿ ಊಟ ಮಾಡಿ ಸ್ಟೇಷನ್ನಿಗೆ ಹೋದೆವು. ಡಬ್ಬಿಗಳು ಮುಂದೆ, ಎಂಜಿನ್ ಹಿಂದೆ ನಿಂತು ಬೆಟ್ಟಕ್ಕೆ ತಳ್ಳುವುದನ್ನು ಅಣ್ಣ ಬಹಳ ಹೊತ್ತು ನೋಡಿದ.

"ಹ್ಯಾಗಿದೆ?" ಎಂದು ಅವನ ಮುಖದೆದುರು ನಿಂತು ಕೇಳಿದೆ.

"ನಿನ್ ಮಾದ್ರಿ," ಎಂದ. "ಹಿಂದೆ ನಿಂತು ತಳ್ಳೋದೇ ಕೆಲ್ಸ."

ಮುಂಗಡ ಮುಳುಗಿತು.

ಇದೆಲ್ಲದರ ನಡುವೆ ಇನ್ನೊಂದು ಶುರುವಾಗಿತ್ತು. ಮೊದಲು ಅತ್ತಿಗೆ ನೋಡಿದಳು. ಮಧ್ಯಾಹ್ನ ಊಟಕ್ಕೆ ಬರುವಾಗ ಅಣ್ಣ ಹಳಿಯ ಆಚೆಗೇ ನಿಂತುಬಿಡುತ್ತಿದ್ದ. ಬಿಸಿಲಿನಲ್ಲಿ, ನೆರಳಿಲ್ಲದ ಜಾಗದಲ್ಲಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಆಮೇಲೆ ದಾಟಿ ಬರುತ್ತಿದ್ದ.

"ತಂಬಿ, ನೀನೇ ಬಂದು ನೋಡು," ಎಂದು ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದಳು. "ಅಲ್ಲಿ ಏನೂ ಇಲ್ಲ. ಇವರು ಏನೋ ಹೋಗೋದ್ನ ನೋಡ್ತಾರೆ."

ಕೇಳಿದರೆ ಅಣ್ಣ ಮುಚ್ಚಿಡಲಿಲ್ಲ. ಗೂಡ್ಸ್ ಬರುತ್ತದೆ, ಅದು ಹೋಗಲಿ ಎಂದು ನಿಲ್ಲುತ್ತೇನೆ ಎಂದ. ಯಾವ ಗೂಡ್ಸ್ ಎಂದೆ. ಡಬ್ಲ್ಯೂಜಿ ಎಂದ. ಮೊದಲು ಆ ಹೊತ್ತಿಗೆ ಒಂದು ಬರುತ್ತಿದ್ದದ್ದು ನಿಜ. ಆದರೆ ಅದು ನಿಂತುಹೋಗಿ ವರ್ಷದ ಮೇಲಾಗಿತ್ತು. ಅದನ್ನು ಎಳೆಯುತ್ತಿದ್ದ ಎಂಜಿನ್‌ಗಳು ಗುಜರಿಗೆ ಹೋದವು ಎಂದು ಟೀ ಅಂಗಡಿಯವನೇ ಹೇಳಿದ್ದ.

ಅತ್ತಿಗೆ ಮಟಮಟ ಮಧ್ಯಾಹ್ನದಲ್ಲಿ ಏನೋ ಸೋಕಿದೆ ಎಂದು ಬೇವಿನ ಸೊಪ್ಪು ನಿವಾಳಿಸಿ ತೋಳಿಗೆ ದಾರ ಕಟ್ಟಿಸಿದಳು. ನಾನು ಪೀಳಮೇಡಿನ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎರಡೂ ಮಾಡಿದ್ದು ತಪ್ಪಲ್ಲ. ಒಂದನ್ನು ನಂಬಿ ಇನ್ನೊಂದನ್ನು ಬಿಡಬೇಡಿ ಎಂದೇ ನಾನು ಯಾರಿಗಾದರೂ ಹೇಳುವುದು. ಡಾಕ್ಟರು ಒಳ್ಳೆಯವರು, ಸಮಾಧಾನವಾಗಿ ವಿವರಿಸಿದರು. ಕೇಳಿಸುವುದು ನಿಂತ ಕಿವಿ ತಾನೇ ಒಂದು ಸದ್ದು ಕಟ್ಟಿಕೊಳ್ಳುತ್ತದಂತೆ. ಮಗ್ಗದವರಲ್ಲಿ ಬಹಳ ಮಂದಿಗೆ ಹೀಗಿದೆಯಂತೆ. ಅಣ್ಣ ಅವರ ತುಟಿಯನ್ನೇ ನೋಡುತ್ತಾ ಕೂತಿದ್ದ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ ಹೇಳಿದ:

"ಕಿವಿ ಸದ್ದಾದ್ರೆ ದಿನವೆಲ್ಲಾ ಇರ್ಬೇಕಲ್ಲ. ಇದು ಆ ಹೊತ್ಗೆ ಮಾತ್ರ ಬರುತ್ತೆ. ತಿರುಪ್ಪೂರ್ ಕಡೆಯಿಂದ್ಲೇ ಬರುತ್ತೆ."

ಬಸ್ಸು ಬಂತು, ಹತ್ತಿದೆವು.

ಆಷಾಢದ ಗಾಳಿಯ ಕಾಲ. ನಮ್ಮ ಕಡೆ ಆಗ ಪಾಲಕ್ಕಾಡಿನ ಕಣಿವೆಯಿಂದ ಪಡುವಣ ಗಾಳಿ ನುಗ್ಗುತ್ತದೆ, ಎದುರು ನಿಂತವನ ಮಾತೂ ಹಾರಿಹೋಗುತ್ತದೆ. ಬೆಂಗಳೂರಿನಿಂದ ಒಬ್ಬ ಗಿರಾಕಿ ಬಂದು ಮನೆಯಲ್ಲಿ ಕೂತಿದ್ದ. ಹೊಸ ಬಗೆಯ ಬಟ್ಟೆ ನೇಯಲು ಸಾಧ್ಯವೇ ಎಂದು ಅಣ್ಣನ ಬಾಯಿಂದಲೇ ಕೇಳಬೇಕೆಂದ. ನಾನೇ ಶೆಡ್ಡಿಗೆ ಓಡಿ ಅಣ್ಣನನ್ನು ಎಬ್ಬಿಸಿಕೊಂಡು ಹೊರಟೆ. ಗಿರಾಕಿಯನ್ನು ಕಾಯಿಸಿದರೆ ಅವನಿಗೆ ಯೋಚಿಸಲು ಹೊತ್ತು ಕೊಟ್ಟ ಹಾಗೆ. ಹಳಿಯ ಬಳಿ ಬಂದಾಗ ಅಣ್ಣ ಎಂದಿನಂತೆ ನಿಂತ.

ನಾನು ಎರಡು ಕಡೆಗೂ ನೋಡಿದೆ. ಬಿಸಿಲು, ಜಾಲಿ, ಹಾರುವ ಧೂಳು. ಕಿವಿಗೊಟ್ಟು ಕೇಳಿದೆ. ಗಾಳಿ, ನಮ್ಮ ಹಿಂದಿನ ಶೆಡ್ಡುಗಳಲ್ಲಿ ಲಾಳಿ ಬಡಿಯುವ ಸದ್ದು, ಅಷ್ಟೇ.

"ಬಾ ಅಣ್ಣಾ, ಯಾವ ವಂಡಿಯೂ ಇಲ್ಲ," ಎಂದು ಅವನ ಮಣಿಕಟ್ಟು ಹಿಡಿದು ಎಳೆದೆ. ಒಂದು ಕಾಲು ಜಲ್ಲಿಯ ಮೇಲೆ ಇಟ್ಟೂ ಆಗಿತ್ತು.

ಅಣ್ಣ ಕದಲಲಿಲ್ಲ. ತಿರುಗಿಸಿ ನನ್ನ ಕೈಯನ್ನೇ ಹಿಡಿದ.

"ಇರು ಡಾ. ಏರಿನಲ್ಲಿ ಒದ್ದಾಡ್ತಾ ಬರ್ತಿದಾಳೆ. ಹೋಗ್ಲಿ."

"ಗಿರಾಕಿ ಕೂತಿದಾನೆ ಅಣ್ಣಾ."

"ಕೂತಿರ್ಲಿ."

ಬಯ್ಯಬೇಕೆಂದು ಅವನ ಕಡೆ ತಿರುಗಿದೆ. ಆಗ ನನ್ನ ಬೆನ್ನಿಗೆ ಗಾಳಿ ಬಡಿಯಿತು. ಪಡುವಣದ ಗಾಳಿಯಲ್ಲ, ಬೇರೆ. ಡೀಸೆಲ್ ಎಂಜಿನ್ ತಿರುವಿನಿಂದ ಹೊರಬಿದ್ದು, ನಾನು ಕಾಲಿಟ್ಟಿದ್ದ ಜಾಗದ ಪಕ್ಕದಲ್ಲೇ ಹಾದುಹೋಯಿತು. ಹಾರ್ನ್ ನನಗೆ ಕೇಳಿದ್ದು ಅದು ಹೋದ ಮೇಲೆ. ಹಿಂದೆ ಖಾಲಿ ವ್ಯಾಗನ್‌ಗಳು, ಭಾರವಿಲ್ಲದ ಗೂಡ್ಸು, ದಡದಡ ಎಂದು ಒಂದೇ ಉಸಿರಿಗೆ ಮುಗಿಯಿತು. ಕಡೆಯ ಡಬ್ಬಿ ಸೋಮನೂರು ಸ್ಟೇಷನ್ ಕಡೆ ಚಿಕ್ಕದಾಯಿತು.

ನಾನು ಅಣ್ಣನನ್ನು ನೋಡಿದೆ. ಅವನ ಕಣ್ಣು ಆ ಗಾಡಿಯ ಹಿಂದೆ ಹೋಗಿಯೇ ಇರಲಿಲ್ಲ. ಅವನ ಮುಖ ಇನ್ನೂ ತಿರುಪ್ಪೂರಿನ ಕಡೆಗಿತ್ತು. ಗಾಡಿ ಹೋಗಿ ಹಳಿ ಬರಿದಾದ ಮೇಲೆ, ಅವನ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗತೊಡಗಿತು, ಭಾರ ಹೊತ್ತ ಗೂಡ್ಸೊಂದು ಎದುರಿಗೆ ಹಾದುಹೋಗುತ್ತಿದ್ದರೆ ತಿರುಗುವ ಹಾಗೆ. ಬಹಳ ಹೊತ್ತು ಹಿಡಿಯಿತು. ಅವನ ಬೆರಳು ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಗಿಯೇ ಇತ್ತು. ಕೊನೆಗೆ ಬಲಗಡೆ ತಲುಪಿ, ಇನ್ನೊಂದು ಕೈಯನ್ನು ಅರ್ಧಕ್ಕೆ ಎತ್ತಿದ. ಗೂಡ್ಸಿನ ಕಡೆಯ ಡಬ್ಬಿಯಲ್ಲಿ ನಿಂತ ಗಾರ್ಡಿಗೆ ಕೈ ಬೀಸುವುದು ಅವನ ರೂಢಿ.

"ಹೋದ್ಲು," ಎಂದು ಕೈ ಬಿಟ್ಟ. ದಾಟಿದೆವು.

ನಾನು ವ್ಯವಹಾರಸ್ಥ, ನನಗೆ ನಾನೇ ವಿವರಣೆ ಕೊಟ್ಟುಕೊಂಡೆ. ಹಳೆಯ ಗೂಡ್ಸಿನ ಹೊತ್ತಿಗೆ ಹೊಸದೊಂದನ್ನು ಬಿಟ್ಟಿರಬಹುದು. ಅಣ್ಣನ ಅಂಗಾಲಿಗೆ ಅದರ ನಡುಕ ತಾಗಿರಬಹುದು. ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಅವತ್ತು ದಾರಿ ಬದಲಿಸಿ ಕಳಿಸಿದ ಗಾಡಿಯಂತೆ, ದಿನವೂ ಬರುವುದಲ್ಲ. ಅಷ್ಟಕ್ಕೆ ವಿಚಾರಣೆ ನಿಲ್ಲಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಿರಾಕಿಯ ಜೊತೆ ಅವತ್ತು ಏನು ಮಾತಾಡಿದೆ ಎಂಬುದೂ ನೆನಪಿಲ್ಲ.

ಎರಡು ದಿನ ಬಿಟ್ಟು ಅಣ್ಣ ತಾನಾಗಿ ನನ್ನ ಗೋಡೌನಿಗೆ ಬಂದ.

"ತರಿಗಳ್ನ ಎತ್ತಿಸ್ಕೊಂಡ್ ಬಾ ಡಾ," ಎಂದ. ನಮ್ಮಲ್ಲಿ ಮಗ್ಗಕ್ಕೆ ತರಿ ಎನ್ನುವುದು. "ನಿನ್ ಜಾಗದಲ್ಲೇ ಹಾಕೋಣ."

ಚೌಕಾಸಿ ಇಲ್ಲ, ಷರತ್ತಿಲ್ಲ. ಎದುರಿನವನು ಮೊದಲ ಮಾತಿಗೇ ಒಪ್ಪಿದರೆ ನಾನು ಎದ್ದುಹೋಗಿ ಸರಕನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತೇನೆ. ಎಲ್ಲೋ ಏನೋ ಕೆಟ್ಟಿರುತ್ತದೆ.

"ಯಾಕಣ್ಣಾ? ಅವತ್ತು ಹೆದರಿದ್ಯಾ?"

"ಯಾಕ್ ಹೆದರ್ಲಿ? ನಿಂತೇ ಇದ್ನಲ್ಲ." ಸ್ವಲ್ಪ ಹೊತ್ತು ನನ್ನ ತುಟಿಯನ್ನಲ್ಲ, ನೆಲವನ್ನು ನೋಡಿದ. "ಅವತ್ತಿಂದ ಅವಳು ಬರ್ಲಿಲ್ಲ. ನಿನ್ನೆ ನಿಂತೆ, ಇವತ್ತೂ ನಿಂತೆ. ಬರೀ ಬಿಸ್ಲು."

ಬಯಸಿದ್ದೆಲ್ಲ ಸಿಕ್ಕಿತ್ತು. ಲಾರಿ ತರಿಸಿ, ರೈಲ್ವೆ ಗೇಟಿನ ಕಡೆಯಿಂದ ಸುತ್ತಿಸಿ, ಮಗ್ಗಗಳನ್ನು ಈಚೆಗೆ ಸಾಗಿಸಿದೆ. ಅತ್ತಿಗೆ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಅಣ್ಣ ಹೊಸ ಶೆಡ್ಡಿನಲ್ಲಿ ಚೆನ್ನಾಗಿಯೇ ನೇಯ್ದ. ಆದರೆ ಟೀ ಅಂಗಡಿಗೆ ಹೋಗುವುದು ಬಿಟ್ಟ. ಅಂಗಡಿಯವನು ಒಮ್ಮೆ ತಾನೇ ಮನೆಗೆ ಬಂದು, ವೈಪಿ ಇನ್ನೂ ಓಡ್ತಿದೆಯುಂಗಣ್ಣಾ, ಸೋತೆ ಅಂತ ಒಪ್ಕೊಳ್ಳಿ ಎಂದು ಕೆಣಕಿದ. ಅಣ್ಣ ಹೌದು ಎಂದುಬಿಟ್ಟ. ಅಂಗಡಿಯವನು ಅತ್ತಿಗೆ ಕೊಟ್ಟ ಕಾಫಿ ಕುಡಿದು ಹೋದ.

ಹಳೆಯ ಶೆಡ್ಡು ಖಾಲಿ ಬಿದ್ದಿತ್ತು. ಆ ದಶಕ ಮುಗಿಯುವ ಮೊದಲು ನೂಲು ಇಡಲು ಅದನ್ನು ಕೊಳ್ಳಬೇಕೆಂದು ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬ ಕೇಳಿ ಬಂದ. ಕರೆದುಕೊಂಡು ಹೋಗಿ ತೋರಿಸಿದೆ. ಗೋಡೆ, ಮಾಡು, ಕರೆಂಟು ಎಲ್ಲವೂ ಅವನಿಗೆ ಹಿಡಿಸಿತು. ಮಾತಾಡುತ್ತಾ ವಾಪಸು ಬರುವಾಗ ಹಳಿಯ ಬಳಿ ನಾನು ನಿಂತೆ. ಅವನು ಮುಂದೆ ಹೆಜ್ಜೆ ಹಾಕಿದ್ದ. ತೋಳು ಹಿಡಿದು ನಿಲ್ಲಿಸಿದೆ.

"ಈಗೇನು ವಂಡಿ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದ. ಎರಡು ಕಡೆಗೂ ಕತ್ತು ಚಾಚಿ ನೋಡಿದ. ಬೆಳಕು ಬಿಟ್ಟರೆ ಹಳಿಯ ಮೇಲೆ ಏನೂ ಇರಲಿಲ್ಲ.

ಮಾರುವವನು ಸರಕಿನ ಕುಂದನ್ನು ತಾನಾಗಿ ಹೇಳಬಾರದು. ಜೀವಮಾನದಲ್ಲಿ ನಾನು ಹೇಳಿದವನಲ್ಲ.

"ಈ ಹೊತ್ತಿಗೆ ಒಂದು ಗೂಡ್ಸಿದೆ," ಎಂದೆ. "ನಿಮ್ಮ ಆಳುಗಳಿಗೂ ಹೇಳಿ. ಮಧ್ಯಾಹ್ನ ಇಲ್ಲಿ ನಿಂತು ದಾಟಬೇಕು."

ಅವನು ಜಾಣ. ಅದನ್ನೇ ಹಿಡಿದುಕೊಂಡು ಬೆಲೆ ಇಳಿಸಿ ಎಂದ. ಚೌಕಾಸಿ ಮಾಡದೆ ಇಳಿಸಿದೆ. ಅವನು ಆಶ್ಚರ್ಯದಿಂದ ನನ್ನ ಮುಖ ನೋಡಿ, ಶೆಡ್ಡನ್ನು ಇನ್ನೊಮ್ಮೆ ನೋಡಿ ಬರುತ್ತೇನೆ ಎಂದು ಹಿಂದಕ್ಕೆ ತಿರುಗಿ ನಡೆದ.