ಬಲ್ಬಿನ ಬದಿಗಿಟ್ಟ ಎರಡು ಸೀಸೆ

ಪ್ರಜ್ಞಾ, ನಿನ್ನ ಎರಡೂ ಸೀಸೆಯ ನೊಣಗಳನ್ನು ಸಾಯಿಸಿದವಳು ನಾನು. ಸತ್ತ ಮೇಲೆ ಪಕ್ಕದ ಸೀಸೆಯ ನೊಣ ತುಂಬಿಟ್ಟು ಬಾಯಿ ಮುಚ್ಚಿಕೊಂಡವಳೂ ನಾನೇ. ನೀನು ಸುಳ್ಳು ಬರೆದಿರಲಿಲ್ಲ. ಹನ್ನೆರಡು ವರ್ಷ ಇದನ್ನು ನುಂಗಿ ಕೂತಿದ್ದೆ — ಥೂ, ನನ್ನ ಬಾಯಿಗೆ.

ಬೀದರಿನ ಆ ಕಾಲೇಜಿಗೆ ನಾನು ಕಸ ಹೊಡೆಯಲು ಸೇರಿದವಳು. ಆಮೇಲೆ ನೊಣದ ಕೋಣೆ ಪಾಲಿಗೆ ಬಂತು. ರವೆ, ಬೆಲ್ಲ, ಯೀಸ್ಟ್ ಹಾಕಿ ಗಂಜಿ ಕುದಿಸುವುದು, ಸೀಸೆಗೆ ಸುರಿಯುವುದು, ಹಳೆಯ ಸೀಸೆಯಿಂದ ಹೊಸದಕ್ಕೆ ನೊಣಗಳನ್ನು ತಟ್ಟಿ ಇಳಿಸುವುದು. ಬಾಳೆಹಣ್ಣಿನ ಮೇಲೆ ಕೂರುವ ಚೂರಷ್ಟು ನೊಣಕ್ಕೆ ಇಷ್ಟು ಉಪಚಾರ! ನೀನು ಔರಾದಿನಿಂದ ಸಂಶೋಧನೆಗೆ ಬಂದ ಹುಡುಗಿ. ಸೀಸೆಯ ಚೀಟಿ ಓದಲು ನನಗೆ ಅಕ್ಷರ ಕಲಿಸಿದೆ. ಒಂದು ದಿನ ಮೈಕ್ರೋಸ್ಕೋಪಿನ ಮುಂದೆ ಕೂಡಿಸಿದೆ.

"ಮೌಶಿ, ಈ ಹುಳದ್ದು ತೆಲಿ ಎಲ್ಲದ ಹೇಳ್ರಿ."

ತಲೆ ಇರಲಿಲ್ಲ. ಎರಡೂ ಕಡೆ ಬಾಲ.

"ಇದೇನವ್ವಾ, ಇದು ಉಣ್ಣೋದು ಎಲ್ಲಿಂದ?"

"ಉಣ್ಣಂಗಿಲ್ರಿ, ಸಾಯ್ತದ. ಇದರ ಅವ್ವ ನೋಡಾಕ ನೆಟ್ಟಗೇ ಅದಾಳ. ಆದ್ರ ತತ್ತಿದ ಒಂದು ತುದಿಗಿ ಇಡಬೇಕಾದ ಸತ್ವ ಅಕಿ ಇಟ್ಟಿಲ್ಲ. ಅದು ಹೆಚ್ಚಿದ್ದಲ್ಲಿ ತೆಲಿ ಆಗ್ತದ, ಕಮ್ಮಿ ಇದ್ದಲ್ಲಿ ಎದಿ. ಅವ್ವನೇ ಇಡಲಿಲ್ಲಂದ್ರ ಅಪ್ಪ ಎಷ್ಟು ಗಟ್ಟಿ ಇದ್ರೂ ಉಪಯೋಗಿಲ್ಲ."

"ಗಂಡಸ್ರದು ಎಲ್ಲಾ ಕಡಿ ಹಂಗೇ ಬಿಡು," ಅಂದೆ. ನೀನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ.

ಅಂಥ ತಾಯಿ ನೊಣಗಳು ನಿನ್ನ ಆ ಎರಡು ಸೀಸೆಯಲ್ಲಿ ಮಾತ್ರ ಇದ್ದವು. ನೀನು ಎಲ್ಲಿಂದಲೋ ಬೇಡಿ ತರಿಸಿದ್ದೆ. ನಿನ್ನ ಪದವಿಯೆಲ್ಲ ಅದರೊಳಗೇ ಇತ್ತು — ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಎಳ್ಳಮವಾಸ್ಯೆ ಬಂತು. ಬೀದರಿನ ಥಂಡಿ ನಿನಗೆ ಗೊತ್ತೇ ಇದೆ. ಬಲ್ಬು ಉರಿಯುವ ಪೆಟ್ಟಿಗೆಯೊಳಗೆ ಸೀಸೆಗಳನ್ನು ಇಡುತ್ತಿದ್ದೆವು; ಬಲ್ಬಿನಿಂದ ಒಂದು ಗೇಣು ದೂರ, ಅಲ್ಲಿಗೆ ನೀನೇ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಅಂದು ಬೆಳಿಗ್ಗೆ ಮನೆಯಲ್ಲಿ ಅಂಬಲಿಯ ಗಡಿಗೆಯನ್ನು ಹುಳಿ ಬರಲೆಂದು ಒಲೆಯ ಬದಿಗೆ ಸರಿಸಿ ಬಂದಿದ್ದೆ. ನಿನ್ನ ಸೀಸೆಯಿಂದಲೂ ಅದೇ ಹುಳಿ ವಾಸನೆ. ಅದೇ ಕೈ. ಪಾಪ, ಚಳಿ — ಎಂದು ಎರಡನ್ನೂ ಗೆರೆ ದಾಟಿಸಿ ಬಲ್ಬಿಗೆ ಒತ್ತಿಟ್ಟು ಭಾಲ್ಕಿಯ ತಂಗಿಯ ಹೊಲಕ್ಕೆ ಹೋದೆ. ಎರಡು ದಿನ ಭಜ್ಜಿ, ರೊಟ್ಟಿ ಹೊಡೆದೆ. ಬಂದು ನೋಡಿದರೆ ರೊಟ್ಟಿಗೆ ಹಚ್ಚಿದ ಎಳ್ಳಿನಂತೆ ನೊಣಗಳು ಗಂಜಿಗೆ ಅಂಟಿ ಸತ್ತಿದ್ದವು.

ಅಲ್ಲಿಯವರೆಗೆ ತಪ್ಪು. ಮುಂದಿನದು ತಪ್ಪಲ್ಲ, ಪಾಪ. ಪಕ್ಕದ ಸೀಸೆಯಲ್ಲೂ ನಿನ್ನವುಗಳಂತೆ ಬೆನ್ನ ಕೂದಲು ಮೊಂಡಾದ ನೊಣಗಳೇ ಇದ್ದವು, ನೋಡಿದರೆ ಗುರುತು ಹತ್ತುವುದಿಲ್ಲ. ಎರಡು ಹೊಸ ಸೀಸೆಗೆ ಅವುಗಳನ್ನು ಇಳಿಸಿ ನಿನ್ನ ಚೀಟಿ ಅಂಟಿಸಿದೆ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇರಲಿ, ಅದನ್ನು ಹೇಳಿ ಏನು ಮಾಡುವುದು.

ಆಮೇಲೆ ನಿನ್ನ ಸೀಸೆಯ ತತ್ತಿಗಳಿಗೆಲ್ಲ ತಲೆ ಬಂತು. ಹುಳಗಳು ಹರಿದಾಡಿದವು. ನಿನ್ನ ಸರ್ ಎಲ್ಲರ ಮುಂದೆ ಕೂಗಾಡಿದರು.

"ಆರು ತಿಂಗಳಾ ಬಾಲ ಬಾಲ ಅಂತ ಬರ್ದಿ, ಈಗ ತೆಲಿ ಹ್ಯಾಂಗ ಬಂತು? ತೆಲಿ ಇಲ್ಲದ್ದು ಹುಳಕ್ಕಲ್ಲ, ನಿನಗ!"

ಕೆಲವರು ನಕ್ಕರು. ನೀನು ನನ್ನ ಕಡೆ ತಿರುಗಿದೆ.

"ಮೌಶಿ, ನನ್ನ ಸೀಸೆ ಯಾರರ ಮುಟ್ಟ್ಯಾರೇನ್ರಿ?"

"ನಾ ಓದಿದಾಕಿ ಅಲ್ಲವ್ವಾ. ನನಗೇನ್ ತಿಳೀತದ."

ನನಗೆ ಓದಲು ಬರುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದುದು ನಿನಗೊಬ್ಬಳಿಗೇ. ನೀನು ನನ್ನನ್ನು ನೋಡಿದೆ. ನೋಟ್ಸ್ ಪುಸ್ತಕ ಮುಚ್ಚಿದೆ. ಬೈದಿದ್ದರೆ — ಒಂದು ಏಟು ಹಾಕಿದ್ದರೂ —

ಇಂಥವಳು ನನ್ನ ಕೈಕೆಳಗೆ ಬೇಡ ಎಂದರು ಸರ್. ನೀನು ಔರಾದಿನ ಬಸ್ಸು ಹತ್ತಿದೆ. ಈಗ ಅಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಸಂಶೋಧನೆಯ ಪುಸ್ತಕಗಳಿಗೆ ರಟ್ಟು ಹಾಕುತ್ತೀಯಂತೆ. ಹೋದ ತಿಂಗಳು ಇದನ್ನು ಕೇಳಿದಾಗ ನನ್ನ ತಂಗಿ, "ಅಕಿ ನಸೀಬ ಬಿಡಕ್ಕಾ," ಅಂದಳು. ಮೈ ಉರಿಯಿತು. ನಸೀಬ ಏನು ನಸೀಬ? ಆ ನಸೀಬದ ಹೆಸರು ಕಾಶಮ್ಮ, ಅಂದೆ.

ಮೊನ್ನೆ ಆ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಜೋಕಾಲಿಯಲ್ಲಿ ಕೂತಿದ್ದರು, ಕಾಲು ಸಹ ನಿಲ್ಲಿಸಲಿಲ್ಲ.

"ಹೋಗ್ಲಿ ಬಿಡು ಕಾಶಮ್ಮಾ, ಹಳೀ ಮಾತು."

"ನಿಮಗ ಹಳೇದ್ರಿ. ಅಕಿಗಿ ದಿನಾ ಹೊಸಾದು," ಅಂದು ಎದ್ದು ಬಂದೆ. ನನಗೆ ಬಂದ ಸಿಟ್ಟು ಆ ಮನುಷ್ಯನ ಮೇಲೆ ಅರ್ಧ. ಉಳಿದದ್ದು ಯಾರ ಮೇಲೆ ಎಂದು ಹೇಳಬೇಕಿಲ್ಲ.

ಅಲ್ಲಿಂದ ನೇರ ಕಾಲೇಜಿನ ಆಫೀಸಿಗೆ ಹೋದೆ. ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಕೊಟ್ಟೆ. ಒಂದು ಪ್ರತಿಗೆ ಮುದ್ರೆ ಹಾಕಿಸಿಕೊಂಡೆ. ಸೋಮವಾರ ಔರಾದಿಗೆ ತರುತ್ತೇನೆ. ಬಾಗಿಲು ತೆರೆಯಬೇಡ, ಬೈಯಿ, ನಿನ್ನ ಇಷ್ಟ. ಕಾಗದ ಮಾತ್ರ ತೆಗೆದುಕೋ.

ಕಾಲೇಜಿನ ಆಫೀಸಿನ ಕ್ಲರ್ಕ್ ನನ್ನ ಮುಖ ನೋಡಿ ಮಸಿಯ ಡಬ್ಬಿ ಮುಂದೆ ಸರಿಸಿದ್ದ. "ಆಯಿ, ಹೆಬ್ಬಟ್ಟ ಒತ್ರಿ."

ಡಬ್ಬಿ ವಾಪಸ್ ಸರಿಸಿ ಪೆನ್ನು ಕೇಳಿ ತೆಗೆದುಕೊಂಡೆ. ಸಹಿ ಮಾಡಿದೆ — ನೀನು ಕಲಿಸಿದ ಅಕ್ಷರಗಳಲ್ಲೇ.